ಕಾರ್ಡಿನ ಬೆಲೆ, ಮಾತಿನ ಬೆಲೆ

ನನ್ನ ಸೋದರಳಿಯನು ಇಂಜಿನಿಯರಿಂಗ್ ವಿದ್ಯಾರ್ಥಿ. ಮದುವೆಗಳ ವಿಡಿಯೋಗಳನ್ನು ಸಂಕಲನ ಮಾಡಿಕೊಟ್ಟು ಕಾಲೇಜಿನ ಶುಲ್ಕವನ್ನು ತಾನೇ ಸಂಪಾದಿಸುವ ಹುಡುಗ. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಳ್ಳುವಾಗ ನನ್ನನ್ನೂ ಕರೆದೊಯ್ದಿದ್ದನು. "ಬಿಲ್ಲು ಬೇಡವೆಂದರೆ ಮೂರು ಸಾವಿರ ಕಡಿಮೆ" ಎಂದನು ಅಂಗಡಿಯಾತ. ಹುಡುಗ ನನ್ನ ಮುಖ ನೋಡಿದನು. ನಾನು ತಲೆಯಾಡಿಸಿದೆ.

ಹದಿನಾಲ್ಕನೆಯ ತಿಂಗಳಲ್ಲಿ ಪರದೆ ಕಪ್ಪಾಯಿತು. ಸರ್ವಿಸ್ ಸೆಂಟರಿನವರು ಕಾರ್ಡಿನ ಸಂಖ್ಯೆಯನ್ನು ಪರಿಶೀಲಿಸಿ, ಅದು ಬೇರೆ ದೇಶದ ಮಾರಾಟಕ್ಕೆಂದು ತಯಾರಾದ ಸರಕು, ಇಲ್ಲಿ ವಾರಂಟಿ ಸಲ್ಲದು ಎಂದರು. "ಹೋಗಲಿ ಬಿಡಿ, ಮಾವ" ಎಂದು ಅವನೇ ನನ್ನನ್ನು ಸಮಾಧಾನಪಡಿಸಿದನು. ಅಂದು ನನಗಾದ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

ಈ ಕಾರ್ಡುಗಳ ಜೀವಾಳವಾದ ಚಿಪ್ಪನ್ನು ರೂಪಿಸುವವರು ಎನ್ವಿಡಿಯಾ, ಎಎಂಡಿ, ಇಂಟೆಲ್ ಎಂಬ ಕೆಲವೇ ಸಂಸ್ಥೆಗಳು. ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್ ಮೊದಲಾದವು ಆ ಚಿಪ್ಪಿಗೆ ಫ್ಯಾನು, ಹಲಗೆಗಳನ್ನು ಜೋಡಿಸಿ ತಮ್ಮ ಹೆಸರಿನಲ್ಲಿ ಮಾರುತ್ತವೆ. ಆದುದರಿಂದ ಒಂದೇ ಚಿಪ್ಪಿನ ಎರಡು ಕಾರ್ಡುಗಳ ವೇಗದಲ್ಲಿ ಹೆಚ್ಚಿನ ಅಂತರವಿರದು. ಅಂತರವಿರುವುದು ಕಾವು ಕಳೆಯುವ ಏರ್ಪಾಟಿನಲ್ಲಿ; ಅದಕ್ಕಿಂತ ಮಿಗಿಲಾಗಿ, ಕೆಟ್ಟಾಗ ಕೈಹಿಡಿಯುವ ಮಾತಿನಲ್ಲಿ.

ಹಾಗಾದರೆ ಕೇಳಬೇಕಾದುದೇನು? ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವುದು 3 ವರ್ಷಗಳ ವಾರಂಟಿ. ಅದರ ಗಣನೆ ಬಿಲ್ಲಿನ ದಿನದಿಂದಲೋ, ತಯಾರಿಕೆಯ ದಿನದಿಂದಲೋ? ಹೆಸರು ನೋಂದಾಯಿಸಿದರೆ ಅವಧಿ ಹೆಚ್ಚುವುದೇ? ಸರ್ವಿಸ್ ಸೆಂಟರ್ ನಮ್ಮ ಊರಿನಲ್ಲಿದೆಯೇ? ಕಳುಹಿಸುವ ವೆಚ್ಚ ಯಾರದು? ಸುಟ್ಟ, ಬಾಗಿದ, ತುಕ್ಕು ಹಿಡಿದ ಕಾರ್ಡಿಗೆ ವಾರಂಟಿ ದೊರೆಯುವುದು ದುರ್ಲಭವೆಂಬುದೂ ನೆನಪಿರಲಿ.

ತಿರುಪಿನ ಮೇಲಿನ ಚೀಟಿಯ ಕಥೆಯೂ ಸ್ವಾರಸ್ಯವಾದುದು. "ಕಿತ್ತರೆ ವಾರಂಟಿ ರದ್ದು" ಎನ್ನುವ ಇಂಥ ಚೀಟಿಗಳ ವಿಷಯದಲ್ಲಿ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಎಸ್‌ರಾಕ್, ಗಿಗಾಬೈಟ್, ಝೋಟ್ಯಾಕ್ ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಆದರೆ ಅದು ಅಲ್ಲಿಯ ಕಾನೂನು. ಇಲ್ಲಿ ಧೂಳು ಒರೆಸಲು ತಿರುಪು ಬಿಚ್ಚುವ ಮುನ್ನ ಕಂಪನಿಯನ್ನು ವಿಚಾರಿಸುವುದು ಲೇಸು.

ಒಳ್ಳೆಯ ಹೆಸರೂ ಶಾಶ್ವತವಲ್ಲ. ಗ್ರಾಹಕಸೇವೆಗೆ ಹೆಸರಾಗಿದ್ದ ಅಮೆರಿಕದ ಇವಿಜಿಎ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯಾಪಾರವನ್ನೇ ತೊರೆಯಿತು. ಆದರೂ ಹಿಂದೆ ಮಾರಿದ ಕಾರ್ಡುಗಳ ವಾರಂಟಿಯನ್ನು ನಡೆಸಿಕೊಡುವುದಾಗಿ ಅಂದು ಸಾರಿತು. ಅಂಗಡಿ ಮುಚ್ಚುವಾಗಲೂ ಹಳೆಯ ಗಿರಾಕಿಯನ್ನು ನೆನೆಯುವುದೇ ವ್ಯಾಪಾರಧರ್ಮವಲ್ಲವೇ?

ನಮಗೆ ರಕ್ಷಣೆಯೇ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೂರಿಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಆದರೆ ಬಿಲ್ಲೇ ಬೇಡವೆಂದು ತಲೆಯಾಡಿಸಿದವನು ಯಾವ ಮುಖದಿಂದ ದೂರುವನು?

ಕಳೆದ ತಿಂಗಳು ಹುಡುಗ ಮತ್ತೊಂದು ಕಾರ್ಡು ಕೊಂಡನು. ನಾನೂ ಹೋಗಿದ್ದೆ. ಬೆಲೆ ಕೇಳುವ ಮೊದಲೇ, "ಬಿಲ್ಲು ಕೊಡುತ್ತೀರಲ್ಲವೇ?" ಎಂದನು. ಈ ಸಲ ಅವನು ನನ್ನ ಮುಖ ನೋಡಲಿಲ್ಲ.