ಕಾರ್ಖಾನೆಯ ನೆಲ ಜಾರಿದರೆ ಹೊಣೆ ಯಾರದು?

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಬಿಹಾರ ಮೂಲದ ಏಳು ಕಾರ್ಮಿಕರು ಮೃತಪಟ್ಟಾಗ ರಾಜ್ಯವೇ ಬೆಚ್ಚಿಬಿದ್ದಿತ್ತು. ಆದರೆ ಒದ್ದೆ ನೆಲದಲ್ಲಿ ಕಾಲು ಜಾರಿ ಸೊಂಟ, ಮಣಿಕಟ್ಟು ಮುರಿದುಕೊಳ್ಳುವವರ ಸಂಕಟ ಸುದ್ದಿಯಾಗುವುದು ಅಪರೂಪ. 'ನೋಡಿಕೊಂಡು ನಡೆಯಬೇಕಿತ್ತು' ಎಂಬ ಮಾತಿನೊಂದಿಗೆ ಪ್ರಕರಣ ಮುಗಿದುಹೋಗುತ್ತದೆ.

ಜಾರುವುದೇಕೆ?

ತಿಕೋಟಾ ತಾಲ್ಲೂಕಿನ ಹೊನವಾಡ ಭಾಗ ದ್ರಾಕ್ಷಿ ಬೆಳೆಯುವ ಸೀಮೆ. ಒಣದ್ರಾಕ್ಷಿ ತಯಾರಿಸಲು ಹಸಿ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಹಲವು ಅಂತಸ್ತುಗಳ ಬಲೆಯ ಮೇಲೆ ಹರಡಲಾಗುತ್ತದೆ. ಹಣ್ಣಿನ ಮೇಣದ ಪದರವನ್ನು ಸಡಿಲಿಸಿ ನೀರಿನಂಶ ಬೇಗ ಆರುವಂತೆ ಮಾಡುವ ಈ ದ್ರಾವಣ, ನೆಲಕ್ಕೆ ತೊಟ್ಟಿಕ್ಕಿದಾಗ ಅಂಗಾಲಿಗೂ ನೆಲಕ್ಕೂ ನಡುವೆ ಜಿಡ್ಡಿನ ಪೊರೆಯಾಗಿ ನಿಲ್ಲುತ್ತದೆ. ಕ್ರೇಟ್ ಹೊತ್ತವರಿಗೆ ಮುಂದಿನ ಹೆಜ್ಜೆಯ ಜಾಗ ಕಾಣದು. ಬೀಳುವಾಗ ಆಧಾರ ಹಿಡಿಯಲು ಕೈಯೂ ಬಿಡುವಿರದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸ, ಕಾಕಂಬಿ, ಯಂತ್ರದ ಗ್ರೀಸ್ ಇದೇ ಅಪಾಯ ಒಡ್ಡುತ್ತವೆ.

ಕಾನೂನು ಏನೆನ್ನುತ್ತದೆ?

ನೆಲ, ಮೆಟ್ಟಿಲು, ಓಡಾಡುವ ದಾರಿಗಳಲ್ಲಿ ಜಾರಿಸುವ ವಸ್ತು ಇರಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಂ ಸ್ಪಷ್ಟವಾಗಿ ವಿಧಿಸಿತ್ತು. ಆ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಜಾರಿಯಲ್ಲಿದೆ. ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿಡುವುದು ಮಾಲೀಕರ ಕರ್ತವ್ಯವೆಂದು ಅದೂ ಹೇಳುತ್ತದೆ.

ಆದರೆ ಒಂದು ಬದಲಾವಣೆಯನ್ನು ಗಮನಿಸಬೇಕು. ವಿದ್ಯುತ್ ಬಳಸುವ ಘಟಕ 'ಕಾರ್ಖಾನೆ' ಎನಿಸಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು. ಈಗ 20 ಮಂದಿ ಇರಬೇಕು. ಹೀಗಾಗಿ ಹಲವು ಸಣ್ಣ ಘಟಕಗಳು ಕಾರ್ಖಾನೆಗಳಿಗೆ ಮೀಸಲಾದ ನಿಯಮಗಳ ಹೊರಗುಳಿಯುತ್ತವೆ. ಅಲ್ಲಿ ಕಾರ್ಮಿಕರ ಸುರಕ್ಷತೆ ಹೆಚ್ಚಾಗಿ ಮಾಲೀಕರ ವಿವೇಚನೆಯನ್ನೇ ಅವಲಂಬಿಸಿದೆ.

ತಡೆಯುವುದು ಹೇಗೆ?

* ಅದ್ದುವ ತೊಟ್ಟಿಯ ಪಕ್ಕದಲ್ಲೇ ಕ್ರೇಟ್‌ಗಳನ್ನು ಸೋರಲು ಬಿಟ್ಟು, ಕೆಳಗೆ ತಟ್ಟೆ ಇಡಬೇಕು.
* ನೆಲ ಒರಟಾಗಿರಬೇಕು. ನೀರು ಹರಿದುಹೋಗಲು ಇಳಿಜಾರು, ಚರಂಡಿ ಬೇಕು.
* ಜಿಡ್ಡನ್ನು ಬರೀ ನೀರಿನಿಂದ ತೊಳೆದರೆ ಅದು ಇನ್ನಷ್ಟು ಹರಡುತ್ತದೆ. ಸೋಪಿನ ಪುಡಿ ಹಾಕಿ ಉಜ್ಜಬೇಕು.
* ಸವೆದ ಚಪ್ಪಲಿಯ ಬದಲು ಹಿಡಿತವಿರುವ ಗಮ್‌ಬೂಟುಗಳನ್ನು ಮಾಲೀಕರೇ ಒದಗಿಸಬೇಕು.
* ಎತ್ತರದ ಅಂತಸ್ತುಗಳಿಗೆ ಗಟ್ಟಿ ಏಣಿ, ಸಾಕಷ್ಟು ಬೆಳಕು ಇರಬೇಕು.

ಇವುಗಳ ಖರ್ಚು ದೊಡ್ಡದೇನಲ್ಲ. ದಿನಗೂಲಿ ನಂಬಿದವರಿಗಾದರೋ ಒಂದು ಮೂಳೆ ಮುರಿತವೆಂದರೆ ವಾರಗಟ್ಟಲೆ ಸಂಪಾದನೆಯಿಲ್ಲದ ಬದುಕು. ಬಿದ್ದವರನ್ನು ದೂರುವ ಮುನ್ನ ನೆಲವನ್ನೊಮ್ಮೆ ಪರೀಕ್ಷಿಸುವುದು ಒಳಿತು.