ಲೀಗ್ ಪಟ್ಟಿಯ ಅಂಕಗಣಿತ

ವೃತ್ತಪತ್ರಿಕೆಯ ಕ್ರೀಡಾಪುಟದಲ್ಲಿ ಫುಟ್‌ಬಾಲ್ ಲೀಗಿನ ಪಟ್ಟಿಯನ್ನು ತಾವು ಕಂಡಿರಬಹುದು. ಆಡಿದ ಪಂದ್ಯಗಳು, ಗೆದ್ದವು, ಸಮವಾದವು, ಸೋತವು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಕಡೆಯಲ್ಲಿ ಅಂಕಗಳು. ಪಂಚಾಂಗದ ಪುಟದಂತೆ ತೋರುವ ಈ ಅಂಕಿಗಳಲ್ಲಿ ಬಹುಪಾಲು ತಾವಾಗಿಯೇ ಅರ್ಥವಾಗತಕ್ಕವು. ತೊಡಕು ಹುಟ್ಟುವುದು ಎರಡು ತಂಡಗಳ ಅಂಕಗಳು ಸರಿಸಮವಾಗಿ ನಿಂತಾಗ.

೧೮೮೮ರಲ್ಲಿ ಹನ್ನೆರಡು ಕ್ಲಬ್ಬುಗಳೊಡನೆ ಆರಂಭವಾದ ಇಂಗ್ಲೆಂಡಿನ ಲೀಗಿನಲ್ಲಿ ಗೆಲುವಿಗೆ ಎರಡು ಅಂಕ, ಸಮವಾದರೆ ಒಂದು. ಅಂಕಗಳು ಸಮವಾದಲ್ಲಿ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟವುಗಳಿಂದ ಭಾಗಿಸುತ್ತಿದ್ದರು. ಇದಕ್ಕೆ ‘ಗೋಲು ಸರಾಸರಿ’ ಎಂದು ಹೆಸರು. ವಾಸ್ತವವಾಗಿ ಇದು ಸರಾಸರಿಯಲ್ಲ, ಪ್ರಮಾಣ. ಗಣಿತದ ಅಧ್ಯಾಪಕರು ಮನ್ನಿಸಬೇಕು.

ಈ ಭಾಗಾಕಾರದ ಕಟುಫಲವನ್ನು ಉಂಡದ್ದು ವೇಲ್ಸಿನ ಕಾರ್ಡಿಫ್ ಸಿಟಿ. ೧೯೨೪ರ ಮೇ ತಿಂಗಳಲ್ಲಿ, ಕಡೆಯ ದಿನದಂದು, ಬರ್ಮಿಂಗ್‌ಹ್ಯಾಮಿನ ಎದುರು ಅದಕ್ಕೊಂದು ಪೆನಾಲ್ಟಿ ದೊರೆಯಿತು. ಲೆನ್ ಡೇವೀಸ್ ಒದೆದ ಚೆಂಡು ಗೋಲಾಗಲಿಲ್ಲ. ಪಂದ್ಯ ಗೋಲಿಲ್ಲದೆ ಸಮವಾಯಿತು. ಅತ್ತ ಹಡರ್ಸ್‌ಫೀಲ್ಡ್ ಟೌನ್ ೩–೦ಯಿಂದ ಗೆದ್ದಿತು. ಇಬ್ಬರಿಗೂ ೫೭ ಅಂಕಗಳು. ಹಡರ್ಸ್‌ಫೀಲ್ಡ್ ೬೦ ಹೊಡೆದು ೩೩ ಬಿಟ್ಟಿತ್ತು. ಕಾರ್ಡಿಫ್ ೬೧ ಹೊಡೆದು ೩೪ ಬಿಟ್ಟಿತ್ತು. ಭಾಗಿಸಿದರೆ ೧.೮೧೮ ಮತ್ತು ೧.೭೯೪. ಪ್ರಶಸ್ತಿ ಹಡರ್ಸ್‌ಫೀಲ್ಡಿಗೆ ಹೋಯಿತು. ಕಾರ್ಡಿಫಿಗೆ ಅದು ಮುಂದೆಂದೂ ದೊರೆಯಲಿಲ್ಲ.

ಭಾಗಿಸುವ ಬದಲು ಕಳೆದು ನೋಡಿರಿ: ಇಬ್ಬರಿಗೂ ೨೭! ಆಗ ಹೆಚ್ಚು ಗೋಲು ಹೊಡೆದವರಾರೆಂದು ಕೇಳಿದ್ದರೆ ಕಾರ್ಡಿಫ್ ಗೆಲ್ಲುತ್ತಿತ್ತು. ಭಾಗಾಕಾರವು ಗೋಲು ಕಾಯುವವನ ಪಕ್ಷಪಾತಿ. ೨೦ ಹೊಡೆದು ೧೦ ಬಿಟ್ಟ ತಂಡಕ್ಕೆ ೨. ೬೦ ಹೊಡೆದು ೪೦ ಬಿಟ್ಟದ್ದಕ್ಕೆ ಒಂದೂವರೆ ಮಾತ್ರ. ಕಳೆದರೆ ಮೊದಲನೆಯದಕ್ಕೆ ೧೦, ಎರಡನೆಯದಕ್ಕೆ ೨೦. ಧಾರಾಳವಾಗಿ ಆಡಿದವರನ್ನು ದಂಡಿಸುವ ಈ ನಿಯಮವನ್ನು ೧೯೭೬ರಲ್ಲಿ ಕೈಬಿಟ್ಟು, ವ್ಯವಕಲನವನ್ನೇ ಹಿಡಿದದ್ದು ನ್ಯಾಯವೆಂದೇ ನನ್ನ ಭಾವನೆ.

೧೯೮೧ರಲ್ಲಿ ಗೆಲುವಿನ ಬೆಲೆ ಮೂರು ಅಂಕಗಳಿಗೇರಿತು. ಒಂದು ಗೆಲುವು, ಒಂದು ಸೋಲು, ಇವೆರಡೂ ಸೇರಿ ಎರಡು ಸಮಪಂದ್ಯಗಳಿಗಿಂತ ಲಾಭಕರವಾದುವು.

ಹೊಸ ನಿಯಮದ ಬಿಗಿಯೂ ಕಡಮೆಯದಲ್ಲ. ೧೯೮೯ರಲ್ಲಿ ಆರ್ಸೆನಲ್ ಮತ್ತು ಲಿವರ್‌ಪೂಲ್ ತಂಡಗಳಿಗೆ ೭೬ ಅಂಕ, ೩೭ರ ವ್ಯತ್ಯಾಸ, ಎಲ್ಲವೂ ಸಮ. ೬೫ಕ್ಕೆ ಎದುರಾಗಿ ೭೩ ಗೋಲು ಹೊಡೆದಿದ್ದ ಆರ್ಸೆನಲ್ಲಿಗೆ ಪ್ರಶಸ್ತಿ. ಸ್ಪೇನಿನವರ ಮಾರ್ಗವೇ ಬೇರೆ: ಅಲ್ಲಿ ಮೊದಲು ನೋಡುವುದು ಆ ಎರಡು ತಂಡಗಳ ಪರಸ್ಪರ ಪಂದ್ಯಗಳನ್ನು. ೨೦೦೭ರಲ್ಲಿ ಬಾರ್ಸೆಲೋನಾದ ಗೋಲು ವ್ಯತ್ಯಾಸ ೪೫, ರಿಯಲ್ ಮ್ಯಾಡ್ರಿಡ್‌ನದು ೨೬, ಅಂಕಗಳು ಸಮ. ಆದರೆ ಮುಖಾಮುಖಿಯಲ್ಲಿ ಮ್ಯಾಡ್ರಿಡ್ ಒಮ್ಮೆ ೨–೦ಯಿಂದ ಗೆದ್ದು, ಇನ್ನೊಮ್ಮೆ ೩–೩ರಲ್ಲಿ ಸಮನಾಗಿ ನಿಂತಿತ್ತು. ಕಿರೀಟವು ಮ್ಯಾಡ್ರಿಡ್ಡಿಗೇ ಸಂದಿತು.