ಗಣಿ ಲಾರಿಯ ಆಯ್ಕೆ: ಕೊಂಡ ಬೆಲೆಯೊಂದೇ ಬೆಲೆಯಲ್ಲ

ಸಂಡೂರು ಸೀಮೆಯಲ್ಲಿ ಕಬ್ಬಿಣದ ಅದಿರು ದೊರೆಯುವುದು ಬೆಟ್ಟಗಳ ಮೇಲ್ಭಾಗದಲ್ಲಿ. ಅಲ್ಲಿನ ಲಾರಿ ಖಾಲಿಯಾಗಿ ಏರುತ್ತದೆ, ತುಂಬಿಕೊಂಡು ಇಳಿಯುತ್ತದೆ. ಆದ್ದರಿಂದ ವಾಹನ ಕೊಳ್ಳಲು ಹೊರಟ ಗುತ್ತಿಗೆದಾರರು ಅಶ್ವಶಕ್ತಿಗಿಂತ ಮೊದಲು ಬ್ರೇಕನ್ನು ವಿಚಾರಿಸುವುದು ಲೇಸು.

ಆಯ್ಕೆಗೆ ಮುಖ್ಯವಾಗಿ ಎರಡು ವರ್ಗಗಳಿವೆ. ಮೊದಲನೆಯದು ಗಣಿಗೆಂದೇ ನಿರ್ಮಿಸಿದ ಡಂಪರ್. ಬಿಇಎಂಎಲ್ ಸಂಸ್ಥೆಯು ಮೈಸೂರಿನಲ್ಲಿ ತಯಾರಿಸುವ ಬಿಎಚ್35, ಬಿಎಚ್60, ಬಿಎಚ್100 ಈ ವರ್ಗದವು. ಹೆಸರಿನಲ್ಲಿರುವ ಅಂಕಿಯೇ ಹೊರೆಯ ಟನ್ನುಗಳನ್ನು ಸ್ಥೂಲವಾಗಿ ಸೂಚಿಸುತ್ತದೆ. ಎರಡನೆಯದು ಹೆದ್ದಾರಿ ಲಾರಿಯ ವಂಶದ ಟಿಪ್ಪರ್: ಟಾಟಾ ಪ್ರೈಮಾ 3530, ಭಾರತ್‌ಬೆಂಜ್ 3528, ವೋಲ್ವೋ ಎಫ್‌ಎಂಎಕ್ಸ್ ಮುಂತಾದವು. 3530 ಎಂದರೆ 35 ಟನ್ ಒಟ್ಟು ತೂಕ, 300 ಅಶ್ವಶಕ್ತಿ. ಹನ್ನೆರಡು ಚಕ್ರದ ಇಂತಹ ಲಾರಿಗೆ ರಸ್ತೆಯ ಮೇಲೆ ಸಲ್ಲುವ ಒಟ್ಟು ತೂಕವನ್ನು 2018ರಲ್ಲಿ 31ರಿಂದ 35 ಟನ್ನಿಗೆ ಏರಿಸಲಾಯಿತು. ವಾಹನದ ಸ್ವಂತ ತೂಕ ಕಳೆದರೆ ಅದಿರಿಗೆ ಉಳಿಯುವುದು ಸುಮಾರು 20 ಟನ್.

ಗಣಿಯೊಳಗಿನ ಸಾಮರ್ಥ್ಯದಲ್ಲಿ ಡಂಪರಿಗೆ ಸಾಟಿಯಿಲ್ಲ. ಇಳಿಜಾರಿನಲ್ಲಿ ದೀರ್ಘಕಾಲ ವೇಗವನ್ನು ಹಿಡಿದಿಡುವ ರಿಟಾರ್ಡರ್ ವ್ಯವಸ್ಥೆ ಅದರ ಮೂಲ ವಿನ್ಯಾಸದಲ್ಲಿಯೇ ಅಡಗಿದೆ. ಟಿಪ್ಪರುಗಳಲ್ಲಿ ಈ ಕೆಲಸವನ್ನು ಎಂಜಿನ್ ಬ್ರೇಕ್ ಮಾಡಬೇಕು. ಅದು ದುರ್ಬಲವಾಗಿದ್ದರೆ ಚಕ್ರದ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ವೋಲ್ವೋ ಲಾರಿಗೆ ಹೆಚ್ಚು ಹಣ ತೆರುವವರು ಪಡೆಯುವುದರಲ್ಲಿ ಇದೂ ಒಂದು ಮುಖ್ಯಾಂಶ.

ಚಾಲಕನ ಸೌಕರ್ಯವನ್ನು ವೈಭೋಗವೆಂದು ಬಗೆಯುವ ಮಾಲೀಕರು ಇಂದಿಗೂ ಇದ್ದಾರೆ. ಲೆಕ್ಕ ಬೇರೆಯನ್ನೇ ಹೇಳುತ್ತದೆ. ಕಂತು, ವಿಮೆ, ಸಂಬಳ ಸೇರಿ ದಿನದ ಸ್ಥಿರ ವೆಚ್ಚ 12,000 ರೂಪಾಯಿ ಎಂದು ಭಾವಿಸೋಣ. 20 ಟನ್ನಿನಂತೆ 10 ಸರದಿ ಹೊಡೆದರೆ ಟನ್ನಿಗೆ 60 ರೂಪಾಯಿ; ದಣಿಯದ ಚಾಲಕ 12 ಸರದಿ ಹೊಡೆದರೆ 50 ರೂಪಾಯಿ. ಉತ್ತಮ ಆಸನ, ಸ್ವಯಂಚಾಲಿತ ಗೇರುಗಳ ಬೆಲೆ ಹುಟ್ಟುವುದು ಇಲ್ಲಿಯೇ. ಹವಾನಿಯಂತ್ರಣದ ಚರ್ಚೆಯಂತೂ ಮುಗಿದಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರೀ ಲಾರಿಗಳಿಗೆ ಅದು ಕಡ್ಡಾಯ.

ಇಷ್ಟಾದರೂ ಮೌಲ್ಯದ ನಿಜವಾದ ಪರೀಕ್ಷೆ ಬಳ್ಳಾರಿಯಲ್ಲಿ ನಡೆದದ್ದು ಕೆಲಸ ನಿಂತಾಗ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿಗಳು ನಿಂತವು, ಕಂತುಗಳು ನಿಲ್ಲಲಿಲ್ಲ. ಟಿಪ್ಪರ್ ಆದರೆ ಪರವಾನಗಿ ಹೊಂದಿಸಿಕೊಂಡು ರಸ್ತೆ, ನೀರಾವರಿ ಕಾಮಗಾರಿಗಳಿಗೆ ಹೋಗಬಲ್ಲದು. ಕಡಿಮೆ ಬೆಲೆಗಾದರೂ ಕೊಳ್ಳುವವರು ಸಿಗುತ್ತಾರೆ. ರಸ್ತೆಯ 2.6 ಮೀಟರ್ ಅಗಲದ ಮಿತಿಯನ್ನು ಮೀರಿದ ಡಂಪರ್ ಇನ್ನೊಂದು ಗಣಿ ಸಿಗುವವರೆಗೆ ಅಲ್ಲಿಯೇ ಇರಬೇಕು. ಸ್ವಂತ ದೀರ್ಘಾವಧಿ ಗುತ್ತಿಗೆಯುಳ್ಳ ಗಣಿ ಕಂಪನಿ ಈ ಅಪಾಯವನ್ನು ತಾಳಿಕೊಳ್ಳಬಹುದು. ಒಂದೆರಡು ವಾಹನಗಳ ಮೇಲೆ ಮನೆ ಅಡವಿಟ್ಟವನು ತಾಳಲಾರ.

ತೆರಿಗೆಯಲ್ಲಿಯೂ ವ್ಯತ್ಯಾಸವಿದೆ. ಬಾಡಿಗೆಗೆ ಓಡಿಸುವ ಲಾರಿಗೆ ಸವಕಳಿ ಶೇ. 30, ಸ್ವಂತ ಉಪಯೋಗದ್ದಕ್ಕೆ ಶೇ. 15. ಲಾರಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆಯಾದರೂ, ಹೂಡುವಳಿ ತೆರಿಗೆಯನ್ನು ಪೂರ್ಣವಾಗಿ ಜಮೆ ಪಡೆಯುತ್ತಿದ್ದವರಿಗೆ ಇದರಿಂದ ಉಳಿಯುವುದು ಅಷ್ಟು ಹಣ ಸಿಕ್ಕಿಬಿದ್ದಿರುವ ಅವಧಿಯ ಬಡ್ಡಿ ಮಾತ್ರ.